ಕಾರಿನ ಬೆನ್ನಿಗೆ ಬೈಕಿನ ಎಂಜಿನ್

ರೇಸ್ ಕಾರು ಎಂದೊಡನೆ ಎಂಟೋ ಹನ್ನೆರಡೋ ಸಿಲಿಂಡರುಗಳ ಭಾರೀ ಎಂಜಿನ್ನು, ಅದನ್ನು ಸಾಕುವಷ್ಟು ದೊಡ್ಡ ದುಡ್ಡಿನ ಚೀಲ, ಎರಡೂ ಕಣ್ಣ ಮುಂದೆ ಬರುತ್ತವೆ. ಇಂದಿನ ಮಾತು ಆ ಜಾತಿಯ ಕಾರುಗಳದ್ದಲ್ಲ. ಮೋಟಾರ್‌ಸೈಕಲ್ಲಿನಿಂದ ಬಿಚ್ಚಿ ತಂದ ಒಂಟಿ ಸಿಲಿಂಡರ್ ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ ಪುಟ್ಟ ಕಾರುಗಳದ್ದು. ಅವು ಈಗಲೂ ಹಳೆಯ ವಾಹನಗಳ ಪಂದ್ಯಗಳಲ್ಲಿ ಓಡುತ್ತವೆ. ಓಡಿಸುವವರ ಮುಂದಿರುವ ಪ್ರಶ್ನೆ ಎರಡು: ಎಪ್ಪತ್ತು ವರ್ಷ ಹಿಂದಿನ ಎಂಜಿನ್ನನ್ನು ಎಲ್ಲಿಂದ ತರುವುದು? ತಂದದ್ದನ್ನು ಎಷ್ಟು ದುಡಿಸುವುದು?

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಗೆದ್ದ ಸಂಭ್ರಮಕ್ಕಿಂತ ಕೊರತೆಯ ಸಂಕಟವೇ ಹೆಚ್ಚಾಗಿತ್ತು. ಪೆಟ್ರೋಲಿಗೆ ರೇಷನ್, ಅದು ಪೂರ್ತಿ ತೊಲಗಿದ್ದು 1950ರಲ್ಲಿ. ಹೊಸ ಕಾರು ಸಿಗುವುದೇ ಕಷ್ಟ, ಇನ್ನು ರೇಸ್ ಕಾರಿನ ಮಾತೆಲ್ಲಿ? ಆಗ ಬ್ರಿಸ್ಟಲ್ ನಗರದ ಕೆಲವು ಉತ್ಸಾಹಿಗಳು ಸರಳವಾದ ಒಂದು ದಾರಿ ಹುಡುಕಿದರು. ಎಂಜಿನ್ 500 ಸಿ.ಸಿ. ಮೀರಬಾರದು, ಮಿಕ್ಕಿದ್ದನ್ನು ಅವರವರೇ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳಲಿ ಎಂದರು. 1946ರಲ್ಲಿ ಇದಕ್ಕೆಂದೇ ಕ್ಲಬ್ಬು ಹುಟ್ಟಿತು. 1950ರಲ್ಲಿ ಇದೇ ವರ್ಗಕ್ಕೆ ‘ಫಾರ್ಮುಲಾ ಮೂರು’ ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು.

ಲಂಡನ್ನಿನ ಹೊರವಲಯದ ಸರ್ಬಿಟನ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಕಟ್ಟಿದ ಕಾರು ಈ ವರ್ಗದ ಹೆಸರನ್ನೇ ಬದಲಿಸಿತೆನ್ನಬೇಕು; ಮುಂದೆ ‘ಐನೂರು’ ಎಂದರೆ ಕೂಪರ್ ಎಂಬಷ್ಟಾಯಿತು. ಅವರು ಮಾಡಿದ್ದು ಇಷ್ಟು: ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗದ ಚಾಸಿಯನ್ನು ಕತ್ತರಿಸಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿ ಬೆಸುಗೆ ಹಾಕಿದರು. ಎಂಜಿನ್ನಿಗೆ ಜೆ.ಎ.ಪಿ. ಸಿಕ್ಕಿತು. ಲಂಡನ್ನಿನ ಟಾಟನ್‌ಹ್ಯಾಮ್‌ನ ಜೆ.ಎ. ಪ್ರೆಸ್ಟ್‌ವಿಚ್ ಕಂಪನಿಯ ಈ ಎಂಜಿನ್ನು ಮಣ್ಣಿನ ಟ್ರ್ಯಾಕಿನ ಸ್ಪೀಡ್‌ವೇ ಬೈಕುಗಳಲ್ಲಿ ಆಗಲೇ ಹೆಸರು ಮಾಡಿತ್ತು.

ಬೈಕಿನ ಎಂಜಿನ್ನೆಂದ ಮೇಲೆ ಬೈಕಿನ ಗೇರ್‌ಬಾಕ್ಸು, ಬೈಕಿನ ಚೈನು. ಚೈನು ಹಿಂದಿನ ಗಾಲಿಯನ್ನು ತಿರುಗಿಸಬೇಕಾದರೆ ಎಂಜಿನ್ನು ಅದರ ಸಮೀಪವೇ ಇದ್ದರೆ ಸಲೀಸು. ಹಾಗಾಗಿ ಅದನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದರು. ಎಂಜಿನ್ ಹಿಂದಿರುವ ಕಾರನ್ನು ಜರ್ಮನಿಯ ಆಟೊ ಯೂನಿಯನ್ 1930ರ ದಶಕದಲ್ಲೇ ಓಡಿಸಿತ್ತು, ನಿಜ. ಆದರೆ ಆ ವಿನ್ಯಾಸ ಎಲ್ಲರ ಪದ್ಧತಿಯಾದದ್ದು ಕೂಪರ್‌ಗಳಿಂದ. ಅದೇ ಕೂಪರ್ ಕಂಪನಿಯ ಹಿಂಬದಿ ಎಂಜಿನ್ ಕಾರಿನಲ್ಲಿ ಜಾಕ್ ಬ್ರಭಾಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒಂದರ ವಿಶ್ವ ಚಾಂಪಿಯನ್ ಆದರು. ಇಂದಿನ ಫಾರ್ಮುಲಾ ಒಂದರಲ್ಲಿ ಎಂಜಿನ್ ಮುಂದಿರುವ ಕಾರು ಒಂದೂ ಇಲ್ಲ. ಒಂದು ಚೈನಿನ ಅನುಕೂಲ ಎಲ್ಲಿಗೆ ಮುಟ್ಟಿತು ನೋಡಿ.

1948ರಲ್ಲಿ ಹದಿನೆಂಟರ ಹುಡುಗ ಸ್ಟರ್ಲಿಂಗ್ ಮಾಸ್ ತನ್ನ ರೇಸಿನ ಬದುಕನ್ನು ಶುರು ಮಾಡಿದ್ದೂ ಕೂಪರ್-ಜೆ.ಎ.ಪಿ. ಕಾರಿನಲ್ಲೇ.

ಬಹುಬೇಗ ಜೆ.ಎ.ಪಿ.ಗೆ ಒಬ್ಬ ಪ್ರತಿಸ್ಪರ್ಧಿ ಬಂದ: ನಾರ್ಟನ್ ಮ್ಯಾಂಕ್ಸ್. ಜೆ.ಎ.ಪಿ.ಯಲ್ಲಿ ವಾಲ್ವುಗಳನ್ನು ಎತ್ತುವುದು ಪುಶ್‌ರಾಡ್, ನಮ್ಮ ಹಳೆಯ ಬುಲೆಟ್‌ನಲ್ಲಿ ಇದ್ದ ಹಾಗೆ. ಮ್ಯಾಂಕ್ಸ್‌ನಲ್ಲಿ ಸಿಲಿಂಡರಿನ ತಲೆಯ ಮೇಲೆಯೇ ಎರಡು ಕ್ಯಾಮುಗಳು; ಕೆಳಗಿನಿಂದ ನೆಟ್ಟಗೆ ಎದ್ದ ಒಂದು ಶಾಫ್ಟು ಅವನ್ನು ತಿರುಗಿಸುತ್ತದೆ. ಹೆಚ್ಚು ವೇಗಕ್ಕೂ ಹೆಚ್ಚು ಹೊತ್ತಿನ ದುಡಿಮೆಗೂ ಇದೇ ಮೇಲು. 1950ರ ದಶಕ ಮುಂದುವರಿದಂತೆ ಗೆಲ್ಲಬೇಕೆನ್ನುವವರಿಗೆ ನಾರ್ಟನ್ ಬೇಕೇ ಬೇಕಾಯಿತು.

ತೊಡಕು ಬಂದದ್ದು ಇಲ್ಲಿಯೇ. ನಾರ್ಟನ್ ಕಂಪನಿ ಬರೀ ಎಂಜಿನ್ನನ್ನು ಮಾರುತ್ತಿರಲಿಲ್ಲ. ಎಂಜಿನ್ ಬೇಕಾದವರು ಇಡೀ ಮೋಟಾರ್‌ಸೈಕಲ್ಲನ್ನೇ ಕೊಂಡು, ಎಂಜಿನ್ ಕಳಚಿಕೊಂಡು, ಮಿಕ್ಕಿದ್ದನ್ನು ಅಗ್ಗಕ್ಕೆ ಮಾರುತ್ತಿದ್ದರು. ಹಾಗೆ ಮಿಕ್ಕದ್ದು ಸಾಮಾನ್ಯ ವಸ್ತುವಲ್ಲ. ಆ ಕಾಲದ ಅತ್ಯುತ್ತಮವೆನಿಸಿದ ‘ಫೆದರ್‌ಬೆಡ್’ ಫ್ರೇಮು. ಬುದ್ಧಿವಂತರು ಅದಕ್ಕೆ ಟ್ರಯಂಫ್ ಎಂಜಿನ್ ಕೂರಿಸಿದರು, ‘ಟ್ರೈಟನ್’ ಹುಟ್ಟಿತು. ಬ್ರಿಟಿಷ್ ಹುಡುಗರು ಚಹಾದಂಗಡಿಯಿಂದ ಚಹಾದಂಗಡಿಗೆ ಹಾರಿಸಿಕೊಂಡು ಹೋಗುತ್ತಿದ್ದ ಕೆಫೆ ರೇಸರ್ ಬೈಕುಗಳಲ್ಲಿ ಬಲು ಹೆಸರಾದದ್ದು ಅದು.

ಈಗ ಇದರ ಉಲ್ಟಾ ಲೆಕ್ಕ ಬಂದಿದೆ. ಮ್ಯಾಂಕ್ಸ್ ತಯಾರಿ 1960ರ ದಶಕದ ಆರಂಭದಲ್ಲೇ ನಿಂತುಹೋಯಿತು. ಒಂದು ಕೂಪರ್ ಕಾರನ್ನು ಜೀವಂತ ಮಾಡಬೇಕೆಂದು ಹೊರಟವರಿಗೆ ಎಂಜಿನ್ ಇರುವುದು ಯಾರದೋ ಪೂರ್ತಿ ಮೋಟಾರ್‌ಸೈಕಲ್ಲಿನಲ್ಲಿ. ಅದನ್ನು ಬಿಚ್ಚಿದರೆ ಕಾರು ಬದುಕುತ್ತದೆ, ಬೈಕು ಸಾಯುತ್ತದೆ. ಅಂದು ಮಾಡಿದ್ದೂ ಅದನ್ನೇ ತಾನೆ ಎಂದು ವಾದಿಸುವವರುಂಟು. ಆದರೆ ಅಂದು ಬೈಕು ಅಂಗಡಿಯ ಸರಕಾಗಿತ್ತು, ಇಂದು ಅದೇ ಒಂದು ಚರಿತ್ರೆಯ ದಾಖಲೆ. ಅಂಥ ಬೈಕನ್ನು ಬಿಚ್ಚುವುದು ಒಂದು ಶಾಸನವನ್ನು ಅಳಿಸಿ ಇನ್ನೊಂದನ್ನು ಕೊರೆದ ಹಾಗೆ.

‘ಕಾರಿನ ಮೂಲ ಎಂಜಿನ್ನೇ ಬೇಕು’ ಎಂಬ ಹಠವೂ ಇಲ್ಲಿ ಅಷ್ಟು ಗಟ್ಟಿಯಲ್ಲ. ಆ ಕಾಲದ ಚಾಲಕರು ಇಂದು ಜೆ.ಎ.ಪಿ., ನಾಳೆ ನಾರ್ಟನ್ ಎಂದು ಎಂಜಿನ್ ಬದಲಿಸುತ್ತಲೇ ಇದ್ದರು. ಒಂದೇ ಕಾರಿಗೆ ನಾಲ್ಕು ‘ಮೂಲ’ ಎಂಜಿನ್ನುಗಳು ಇದ್ದರೂ ಆಶ್ಚರ್ಯವಿಲ್ಲ. ಈ ಕಾರಣಕ್ಕೆ ಜೆ.ಎ.ಪಿ. ಹಾದಿಯೇ ಹೆಚ್ಚು ನ್ಯಾಯವೆನಿಸುತ್ತದೆ. ಸ್ಪೀಡ್‌ವೇಗಾಗಿ ದಶಕಗಳ ಕಾಲ ತಯಾರಾದ ಎಂಜಿನ್ ಅದು. ಬ್ರಿಟನ್ನಿನಲ್ಲಷ್ಟೇ ಅಲ್ಲ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಶೆಡ್ಡುಗಳಲ್ಲೂ ಬಿಡಿಬಿಡಿಯಾಗಿ ಸಿಕ್ಕೀತು. ಮ್ಯಾಂಕ್ಸ್ ಬೇಕೆನ್ನುವವರಿಗೆ ಹಳೆಯ ಅಳತೆಗೆ ಸರಿಯಾಗಿ ಹೊಸದಾಗಿ ಎರಕ ಹೊಯ್ದ ಎಂಜಿನ್ನುಗಳೂ ಬ್ರಿಟನ್ನಿನಲ್ಲಿ ತಯಾರಾಗುತ್ತವೆ. ಅದನ್ನು ‘ನಕಲಿ’ ಎಂದು ಮೂಗು ಮುರಿಯುವವರು, ಅದರಿಂದ ಒಂದು ಅಸಲಿ ಬೈಕು ಉಳಿಯಿತೆಂಬುದನ್ನೂ ಗಮನಿಸಬೇಕು.

ಹಳೆಯ ಎಂಜಿನ್ ಕೊಳ್ಳುವಾಗ ಹೊಳಪು ನೋಡಿ ಮೋಸ ಹೋಗಬಾರದು. ಮೊದಲು ಕ್ರ್ಯಾಂಕ್‌ಕೇಸ್ ನೋಡಬೇಕು. ಮ್ಯಾಂಕ್ಸ್‌ಗಳಲ್ಲಿ ಮೆಗ್ನೀಷಿಯಂ ಮಿಶ್ರಲೋಹದ ಕೇಸುಗಳುಂಟು. ಹಗುರ, ಆದರೆ ತೇವ ತಗುಲಿದರೆ ಗೆದ್ದಲು ತಿಂದ ಮರದ ಹಾಗೆ ಟೊಳ್ಳಾಗುತ್ತದೆ. ಬೇರಿಂಗ್ ಕೂರುವ ಜಾಗದ ಸುತ್ತ ಕೂದಲೆಳೆಯ ಬಿರುಕು ಇದ್ದೀತು. ಬಣ್ಣದ ದ್ರವ ಹಚ್ಚಿ ಒರೆಸಿದರೆ ಬಿರುಕಿನಲ್ಲಿ ಬಣ್ಣ ಉಳಿದು ಗುಟ್ಟು ರಟ್ಟಾಗುತ್ತದೆ. ಪಿಸ್ಟನ್, ವಾಲ್ವುಗಳನ್ನು ಹೊಸದಾಗಿ ಮಾಡಿಸಬಹುದು. ಕೇಸು ಹೋದರೆ, ಅದರ ಮೇಲೆ ಒತ್ತಿದ ನಂಬರಿನ ಜೊತೆಗೆ ಎಂಜಿನ್ನಿನ ಗುರುತೇ ಹೋದಂತೆ.

ಇನ್ನು ಟ್ಯೂನಿಂಗ್. ಇದನ್ನೇ ವಿದ್ಯೆಯಾಗಿ ಬೆಳೆಸಿ ಆ ಕಾಲದಲ್ಲಿ ಹೆಸರಾದವರು ಫ್ರಾನ್ಸಿಸ್ ಬಿಯರ್ಟ್, ಸ್ಟೀವ್ ಲ್ಯಾನ್ಸ್‌ಫೀಲ್ಡ್ ಮುಂತಾದವರು. ಕಾರುಗಳು ಕುಡಿಯುತ್ತಿದ್ದದ್ದು ಹೆಚ್ಚಾಗಿ ಮೆಥನಾಲನ್ನು. ಅದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಬೈಕಿನಲ್ಲಿ ಎದುರುಗಾಳಿಗೆ ಒಡ್ಡಿಕೊಂಡು ನಿಲ್ಲುತ್ತಿದ್ದ ಎಂಜಿನ್ ಕಾರಿನಲ್ಲಿ ಚಾಲಕನ ಬೆನ್ನ ಮರೆಗೆ ಸೇರಿತಲ್ಲ, ಗಾಳಿ ಸಾಲದ ಅದಕ್ಕೆ ಈ ತಂಪು ವರದಾನ. ಎಂಜಿನ್ ಸಿಡಿಯದ ಕಾರಣ ಕಂಪ್ರೆಷನ್ನನ್ನೂ ಬಹಳ ಏರಿಸಬಹುದು. ಆದರೆ ಪೆಟ್ರೋಲಿನ ಸುಮಾರು ಇಮ್ಮಡಿ ಬೇಕು; ಕಾರ್ಬ್ಯುರೇಟರಿನ ಜೆಟ್ಟನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡದಿದ್ದರೆ ಪಿಸ್ಟನ್ನಿನಲ್ಲಿ ತೂತು ಬಿದ್ದೀತು. ಪ್ಲಗ್ಗಿನ ಬಣ್ಣ ನೋಡಿ ರೋಗ ಹೇಳುವ ಮೆಕ್ಯಾನಿಕ್ಕುಗಳ ಹಳೆಯ ಜಾಣ್ಮೆಯೂ ಇಲ್ಲಿ ಅಷ್ಟಾಗಿ ನಡೆಯದು, ಮೆಥನಾಲ್ ಮಸಿ ಬಿಡುವುದೇ ಕಡಿಮೆ. ಮ್ಯಾಗ್ನೆಟೊ ಟೈಮಿಂಗಿಗೆ ಮಾತ್ರ ಹಳೆಯ ಉಪಾಯವೇ ಸಾಕು: ಪಾಯಿಂಟುಗಳ ನಡುವೆ ತೆಳುವಾದ ಸಿಗರೇಟು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸಬೇಕು, ಕಾಗದ ಸಡಿಲವಾದ ಕ್ಷಣವೇ ಕಿಡಿ ಹಾರುವ ಕ್ಷಣ.

ಎಣ್ಣೆಯ ಸುದ್ದಿಯೂ ಸ್ವಾರಸ್ಯ. ಅಂದಿನ ರೇಸ್ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ನಮ್ಮ ಹರಳೆಣ್ಣೆ ಸೇರಿದ ಎಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಕ್ಯಾಸ್ಟರ್, ಅಂದರೆ ಹರಳಿನಿಂದ. ವಿಪರೀತ ಕಾವಿನಲ್ಲೂ ಲೋಹಕ್ಕೆ ಅಂಟಿಕೊಂಡಿರುವುದು ಅದರ ಗುಣ, ಹಾಗೇ ಬಿಟ್ಟರೆ ಅಂಟು ಗಟ್ಟಿಯಾಗಿ ದಾರಿ ಕಟ್ಟುವುದು ಅದರ ದೋಷ.

ಮ್ಯಾಂಕ್ಸ್ ಎಂಜಿನ್ ಐವತ್ತರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿತ್ತು. ಕಾರಿನ ತೂಕವೋ ಮೂರು ಕ್ವಿಂಟಾಲಿಗೂ ಕಡಿಮೆ. ಈಗ ಓಡಿಸುವವರು ಅಷ್ಟೂ ಶಕ್ತಿಯನ್ನು ಹಿಂಡಬೇಕೆ? ಸಿಲಿಂಡರಿನ ಬುಡಕ್ಕೆ ಒಂದು ತೆಳು ತಗಡು ಹೆಚ್ಚಿಗೆ ಇಟ್ಟರೆ ಕಂಪ್ರೆಷನ್ ತಗ್ಗುತ್ತದೆ, ಒಂದೆರಡು ಅಶ್ವಶಕ್ತಿ ಹೋಗುತ್ತದೆ, ಕ್ರ್ಯಾಂಕ್‌ಕೇಸಿಗೆ ಇನ್ನಷ್ಟು ವರ್ಷದ ಆಯಸ್ಸು ಬರುತ್ತದೆ. ಹಳೆಯ ಅಸಲಿ ಕೇಸು ಇದ್ದವರು ತಗಡು ಇಡುವುದೇ ಸರಿ. ಗೆಲ್ಲಲೇಬೇಕೆಂಬ ಹಂಬಲವಿದ್ದವರು ಹೊಸ ಎರಕದ ಕೇಸಿನಲ್ಲಿ ತೀರಿಸಿಕೊಳ್ಳಲಿ.

ಪಂದ್ಯ ಮುಗಿದ ಸಂಜೆಯೂ ಕೆಲಸ ಉಂಟು. ಮೆಥನಾಲ್ ತೇವವನ್ನು ಎಳೆದುಕೊಂಡು ಲೋಹವನ್ನು ತಿನ್ನುತ್ತದೆ. ಆದ್ದರಿಂದ ಟ್ಯಾಂಕು ಬರಿದು ಮಾಡಿ, ಸ್ವಲ್ಪ ಪೆಟ್ರೋಲು ಹಾಯಿಸಿ ಕಾರ್ಬ್ಯುರೇಟರ್ ತೊಳೆದು, ಸಿಲಿಂಡರಿಗೆ ಎಣ್ಣೆ ಬಿಟ್ಟು, ಎರಡೂ ವಾಲ್ವು ಮುಚ್ಚಿಕೊಳ್ಳುವ ಜಾಗಕ್ಕೆ ಪಿಸ್ಟನ್ನನ್ನು ತಂದು ನಿಲ್ಲಿಸಿ, ಆಮೇಲೆ ಕಾರಿಗೆ ಹೊದಿಕೆ ಹೊದಿಸುತ್ತಾರೆ.