ಬೀದರಿಗೆ ಒಂದು ರಾತ್ರಿಯ ಪ್ರಯಾಣ



ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ರಜೆಯ ಮಾತು ಬಂದಾಗ ಇತ್ತೀಚೆಗೆ ಇಸ್ತಾಂಬುಲ್, ಸಮರ್‌ಖಂಡ್ ಎಂಬ ಹೆಸರುಗಳೂ ಕಿವಿಗೆ ಬೀಳುತ್ತವೆ. ಸಂತೋಷ, ಅವು ನೋಡಬೇಕಾದ ಊರುಗಳೇ. ಅಲ್ಲಿಗೆ ಹೊರಡುವ ಮೊದಲು ಒಮ್ಮೆ ಬೀದರಿಗೆ ಹೋಗಿಬನ್ನಿ ಎಂದು ಕೇಳಿಕೊಳ್ಳುವುದಕ್ಕೆ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ಬಹಮನಿ ರಾಜ್ಯ 1347ರಲ್ಲಿ ಕಲಬುರಗಿಯಲ್ಲಿ ಶುರುವಾಯಿತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದ. ಅಲ್ಲಿಂದ ಮುಂದೆ ಇರಾನಿನಿಂದ ಪಂಡಿತರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದು ನೆಲೆಸಿದರು. ಹಾಗೆ ಬಂದವರಲ್ಲಿ ಗಿಲಾನ್ ಪ್ರಾಂತ್ಯದ ಮಹಮೂದ್ ಗವಾನನೂ ಒಬ್ಬ. ವ್ಯಾಪಾರಿಯಾಗಿ ಬಂದು ಮಂತ್ರಿಯಾದ ಆತ 1472ರಲ್ಲಿ ಕಟ್ಟಿಸಿದ ಮದರಸಾ ಪೇಟೆಯ ನಡುವೆಯೇ ಇದೆ. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳಿದ್ದವು, ಮಸೀದಿಯಿತ್ತು, ದೊಡ್ಡ ಗ್ರಂಥಭಂಡಾರವಿತ್ತು. 1696ರಲ್ಲಿ ಆದ ಸ್ಫೋಟವೊಂದರಲ್ಲಿ ಮುಂಭಾಗದ ಅರ್ಧವೂ ಒಂದು ಮಿನಾರೂ ಉರುಳಿದವು. ಉಳಿದ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿಯ ಹೊಳಪಿನ ಹೆಂಚುಗಳನ್ನು ಈಗಲೂ ಕಾಣಬಹುದು. ಸಮರ್‌ಖಂಡಿನಲ್ಲಿ ನೋಡುವ ಕೆಲಸದ ಮನೆತನವೇ ಅದು. ಇಷ್ಟು ಮಾಡಿದ ಗವಾನನನ್ನು ಎದುರಾಳಿಗಳ ಕಳ್ಳಪತ್ರವನ್ನು ನಂಬಿ ಆಗಿನ ಸುಲ್ತಾನ 1481ರಲ್ಲಿ ಕೊಲ್ಲಿಸಿದ. ಬಹಮನಿ ರಾಜ್ಯ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ.

ಹೊರಗಿನಿಂದ ಬಂದ ವಿದ್ಯೆ ಇಲ್ಲಿನ ಮಣ್ಣನ್ನು ಹಿಡಿದ ರೀತಿ ನೋಡಬೇಕಾದರೆ ಬೀದರಿನ ಅಂಚಿನ ನೌಬಾದಿನ ಕಡೆ ನಡೆಯಿರಿ. ಬೀದರಿನ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಮಳೆನೀರನ್ನು ಹೀರಿ ಇಳಿಯಬಿಡುತ್ತದೆ. ಅದರಡಿಯ ಕಪ್ಪುಬಂಡೆ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಎರಡರ ನಡುವೆ ನಿಂತ ಆ ನೀರನ್ನು ಎತ್ತದೆ, ಸೇದದೆ, ನೆಲದೊಳಗೆ ಸ್ವಲ್ಪವೇ ಇಳಿಜಾರಾಗಿ ಕೊರೆದ ಸುರಂಗದಲ್ಲಿ ತಾನಾಗಿ ಹರಿಯುವಂತೆ ಮಾಡಿದರು. ಇದು ಇರಾನಿನ ವಿಧಾನ, ಹೆಸರು ಕರೇಜ್. ಸುರಂಗದ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಗಾಳಿಯಾಡಲು, ಮಣ್ಣು ಮೇಲೆತ್ತಲು ಅಲ್ಲಲ್ಲಿ ಬಾವಿಯಂಥ ಕಂಡಿಗಳಿವೆ. ಕಾಸರಗೋಡಿನ ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರ ಗುಡ್ಡಗಳಲ್ಲೂ ಸುರಂಗಗಳು ಇವೆ. ಟ್ಯಾಂಕರಿಗೆ ಕಾಯುವ ನಮ್ಮ ಬಡಾವಣೆಗಳವರಂತೂ ಈ ಕರೇಜಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಬೀದ್ರಿ ಕೆಲಸ. ಬನಶಂಕರಿಯ ಎಷ್ಟೋ ಮನೆಗಳ ಗಾಜಿನ ಕಪಾಟಿನಲ್ಲಿ ಕಪ್ಪು ಮೈಯ ಬೆಳ್ಳಿಬಳ್ಳಿಯ ಹೂದಾನಿ ಇರುತ್ತದೆ. ಅದು ಹೇಗೆ ಹುಟ್ಟುತ್ತದೆ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ, ಅದರ ಮೇಲೆ ಕೈಯಿಂದಲೇ ಬಳ್ಳಿ ಬರೆದು ಉಳಿಯಿಂದ ಕೊರೆಯುತ್ತಾರೆ. ಕೊರೆದಲ್ಲಿ ಬೆಳ್ಳಿಯ ತಂತಿ ಇಟ್ಟು ಬಡಿದು ಕೂರಿಸಿ ಮತ್ತೆ ಉಜ್ಜಿದರೆ ಲೋಹವೂ ಬೆಳ್ಳಿಯೂ ಒಂದೇ ಬಣ್ಣಕ್ಕೆ ಬರುತ್ತವೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಒಗ್ಗುತ್ತದೆ ಎಂಬುದನ್ನು ಹಳಬರು ನಾಲಿಗೆಗೆ ಹಚ್ಚಿ ರುಚಿಯಿಂದ ಹೇಳುತ್ತಾರೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಇದೇ ಕಲೆಗಾಗಿ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಊರಾಚೆಯ ಅಷ್ಟೂರಿನಲ್ಲಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಅದೇ ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೆ ಹೋಗಿ ತಲೆಯೆತ್ತಿ ನೋಡಿ: ಕೆಂಪು, ಚಿನ್ನದ ಬಣ್ಣದ ಚಿತ್ತಾರ, ಸುತ್ತಲೂ ಅಂದದ ಅಕ್ಷರಗಳು. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎಂದು ನಂಬಿದರೆ, ಅನೇಕ ಲಿಂಗಾಯತರಿಗೆ ಆತ ಅಲ್ಲಮಪ್ರಭುವಿನ ಸ್ವರೂಪ. ಹೋಳಿ ಕಳೆದ ಮೇಲೆ, ಹಿಂದೂ ಪಂಚಾಂಗದ ಲೆಕ್ಕದಲ್ಲಿ ಇಲ್ಲಿ ಉರುಸು ನಡೆಯುತ್ತದೆ. ಅದನ್ನು ನಡೆಸಿಕೊಡಲು ಮಾಡ್ಯಾಳ ಎಂಬ ಊರಿನಿಂದ ಜಂಗಮರು ಬರುತ್ತಾರೆ. ಸೌಹಾರ್ದದ ಬಗ್ಗೆ ನಾವು ಸಭೆಗಳಲ್ಲಿ ಬಹಳ ಮಾತಾಡುತ್ತೇವೆ. ಇಲ್ಲಿನ ಜನ ಅದನ್ನು ಜಾತ್ರೆಯ ವಾಡಿಕೆಯಾಗಿ ಉಳಿಸಿಕೊಂಡು ಬಂದಿದ್ದಾರೆ, ನನ್ನ ಮಟ್ಟಿಗೆ ಬೀದರಿನ ದೊಡ್ಡ ಸ್ಮಾರಕ ಅದೇ.

ನಮ್ಮ ತಿಲಕನಗರದಲ್ಲಿ, ಬಿ.ಟಿ.ಎಂ. ಪಕ್ಕದ ಗುರಪ್ಪನಪಾಳ್ಯದಲ್ಲಿ ದಿನವೂ ಕೇಳುವ ದಖನಿ ಮಾತಿಗೂ ಬಹಮನಿಗಳ ಕಾಲಕ್ಕೂ ನೆಂಟಸ್ತಿಕೆಯಿದೆ. ದಖನಿಯ ಅತಿ ಹಳೆಯ ಕಥನಕಾವ್ಯವೆಂದು ಎಣಿಸುವ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ ಬಹಮನಿಗಳ ಆಳ್ವಿಕೆಯಲ್ಲೇ ರಚನೆಯಾಯಿತು.

ಬೆಂಗಳೂರಿನಿಂದ ಬೀದರಿಗೆ ರಾತ್ರಿಯ ರೈಲಿದೆ. ಎರಡು ದಿನವಾದರೂ ಇಟ್ಟುಕೊಳ್ಳಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಮಸೀದಿಗಳಿಗೆ ನಮಾಜಿನ ಹೊತ್ತು ತಪ್ಪಿಸಿ ಹೋಗಿ, ದರ್ಗಾದಲ್ಲಿ ಚಪ್ಪಲಿ ಕಳಚಿ ತಲೆಗೆ ಬಟ್ಟೆ ಹಾಕಿಕೊಳ್ಳಿ. ಬೀದ್ರಿ ಸಾಮಾನು ಕೊಳ್ಳುವುದಾದರೆ ಚೌಬಾರ ಗೋಪುರದ ಸುತ್ತಿನ ಬೀದಿಗಳಲ್ಲಿ ಕುಸುರಿ ಮಾಡುವವರ ಬಳಿಯೇ, ಅವರ ಕೆಲಸ ನೋಡಿ, ಚೌಕಾಸಿ ಮಾಡದೆ ಕೊಳ್ಳಿ.