ಉಸಿರಾಡುವ ಗಾಳಿಗೂ ಒಂದು ತಕ್ಕಡಿ ಬೇಕು

(ನಂಜನಗೂಡಿನಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಪ್ರವಾದಿ ಶುಐಬ್(ಅ)ರು ಮದ್‌ಯನ್ ಜನತೆಗೆ ದೇವನ ಏಕತ್ವವನ್ನು ಬೋಧಿಸಿದ ಬೆನ್ನಿಗೇ ಅಳತೆ ಮತ್ತು ತೂಕದ ಕುರಿತು ಎಚ್ಚರಿಸಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ತೌಹೀದ್ ಮತ್ತು ತಕ್ಕಡಿ ಒಂದೇ ಉಪದೇಶದಲ್ಲಿ ಬಂದಿರುವುದು ಆಕಸ್ಮಿಕವಲ್ಲ. ಅಳತೆ ಕೆಟ್ಟಲ್ಲಿ ಮೊದಲು ನಷ್ಟವಾಗುವುದು ಬಡವನ ಹಕ್ಕು. ಈ ಬೋಧನೆ ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವಾದುದಲ್ಲ. ಒಂದು ಊರಿನ ಜನ ಉಸಿರಾಡುವ ಗಾಳಿಯನ್ನು ಅಳೆಯದೆ ಬಿಡುವುದೂ ಅಳತೆಯಲ್ಲಿ ಮಾಡುವ ಅನ್ಯಾಯವೇ ಎಂಬುದು ನಮ್ಮ ಅಭಿಪ್ರಾಯ.

ಕೇಂದ್ರ ಸರಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಅದರ ಪಟ್ಟಿಗೆ ಸೇರಿದವು. ಆಯ್ಕೆಗೆ ಆಧಾರವಾದದ್ದು ಅಳತೆ ಕೇಂದ್ರಗಳು ನೀಡಿದ ಅಂಕಿಗಳು. ಹಾಗಾದರೆ ಅಳತೆಯೇ ಇಲ್ಲದ ಊರಿನ ಗತಿಯೇನು? ಅದು ಪಟ್ಟಿಗೆ ಬರುವುದಿಲ್ಲ. ಪಟ್ಟಿಗೆ ಬರದ ಊರಿಗೆ ಯೋಜನೆಯೂ ಇಲ್ಲ, ಅನುದಾನವೂ ಇಲ್ಲ. ಮೈಸೂರಿನ ಹೆಬ್ಬಾಳದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವೊಂದಿದೆ. ಆದರೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಹಳ್ಳಿಗಾಗಲಿ, ಟಿ. ನರಸೀಪುರದ ಅಕ್ಕಿ ಗಿರಣಿಯ ಹಿಂದಿನ ಬೀದಿಗಾಗಲಿ ಹೆಬ್ಬಾಳದ ಅಂಕಿ ಸಾಕ್ಷಿ ಹೇಳಲಾರದು.

ಗಾಳಿಯಲ್ಲಿ ಅತಿ ಅಪಾಯಕಾರಿಯಾದುದು ಕಣ್ಣಿಗೆ ಕಾಣದ ಧೂಳು. ಎರಡೂವರೆ ಮೈಕ್ರಾನ್‌ಗಿಂತ ಸಣ್ಣದಾದ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲಿನಷ್ಟಿರುವ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ನಮ್ಮ ದೇಶದ 2009ರ ಮಾನದಂಡದಂತೆ ದಿನವೊಂದರ ಸರಾಸರಿ ಮಿತಿ ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15.

ಇದನ್ನು ಅಳೆಯುವ ಅಧಿಕೃತ ಯಂತ್ರಗಳಿಗೆ ಲಕ್ಷಗಟ್ಟಲೆ ಹಣ ಬೇಕು. ಆದರೆ ಕೆಲವು ಸಾವಿರ ರೂಪಾಯಿಗೆ ದೊರೆಯುವ ಸೆನ್ಸರ್‌ಗಳು ಈಗ ಬಂದಿವೆ. ಅಂಗೈಯಗಲದ ಪೆಟ್ಟಿಗೆಯೊಳಗೆ ಸಣ್ಣ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ. ಆ ಚದುರುವಿಕೆಯಿಂದ ಧೂಳಿನ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಕಾನ್ಪುರದ ಐಐಟಿಯ ನೇತೃತ್ವದಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ ಗ್ರಾಮೀಣ ಬ್ಲಾಕ್‌ಗಳಲ್ಲಿ ಇಂತಹ ಸೆನ್ಸರ್‌ಗಳ ಜಾಲವನ್ನೇ ಹರಡಲಾಗಿದೆ. ಅಲ್ಲಿ ಸಾಧ್ಯವಾದುದು ಕಪಿಲೆ, ಕಾವೇರಿಯರ ತೀರದಲ್ಲಿ ಏಕೆ ಅಸಾಧ್ಯ?

ಆದರೆ ಸಹೋದರರೇ, ಸಾಕ್ಷಿಯ ಮಾತನ್ನು ಸ್ವೀಕರಿಸುವ ಮುನ್ನ ಸಾಕ್ಷಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಬೇಕೆಂಬುದು ನಮ್ಮ ನ್ಯಾಯಶಾಸ್ತ್ರದ ನಿಯಮ. ಈ ಯಂತ್ರಕ್ಕೂ ಅದು ಅನ್ವಯಿಸುತ್ತದೆ. ತೇವಾಂಶ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ನದೀತೀರದ ಚಳಿಗಾಲದ ಮುಂಜಾನೆಯ ಮಂಜನ್ನೂ ಅದು ಧೂಳೆಂದು ಎಣಿಸಬಹುದು. ಕಾರ್ಖಾನೆಯ ಕಡೆಯಿಂದ ಬರುವ ರಾಸಾಯನಿಕ ವಾಸನೆಯನ್ನು ಧೂಳಿನ ಸೆನ್ಸರ್ ಗುರುತಿಸದು. ಅನಿಲಗಳನ್ನು ಅಳೆಯುವ ವಿಧಾನವೇ ಬೇರೆ. ಆದ್ದರಿಂದ ಮೊದಲು ಎಲ್ಲ ಸೆನ್ಸರ್‌ಗಳನ್ನೂ ಕೆಲವು ವಾರ ಅಧಿಕೃತ ಯಂತ್ರದ ಪಕ್ಕದಲ್ಲೇ ಇರಿಸಿ, ಅಂಕಿಗಳನ್ನು ಹೋಲಿಸಿ ತಿದ್ದುಪಡಿ ಕಂಡುಕೊಳ್ಳಬೇಕು. ಬಳಿಕ ಶಾಲೆಯ ಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗಿರಣಿಯ ಬೀದಿಯಲ್ಲಿ, ಹೋಲಿಕೆಗಾಗಿ ದೂರದ ಹೊಲವೊಂದರಲ್ಲಿ ಅಳವಡಿಸಬೇಕು. ಮಳೆ, ಮಂಜು, ವಿದ್ಯುತ್ ಕಡಿತ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡಬೇಕು. ನಮ್ಮ ವಿಜ್ಞಾನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮ ಸಮಾಜ ಸೇವೆ ಯಾವುದಿದೆ?

ಈ ಎಚ್ಚರ ಏಕೆ ಅಗತ್ಯ? ಕಾರ್ಖಾನೆಗಳಲ್ಲಿ ದುಡಿಯುವವರು ನಮ್ಮದೇ ಮಕ್ಕಳು. ಸುಳ್ಳು ಅಂಕಿ ಅವರ ಅನ್ನ ಕಸಿದೀತು. ಮುಚ್ಚಿಟ್ಟ ಅಂಕಿ ಅವರ ಉಸಿರು ಕಸಿದೀತು. ಎರಡೂ ಅನ್ಯಾಯವೇ. ಸೆನ್ಸರಿನ ಅಂಕಿ ಅಂತಿಮ ತೀರ್ಪಲ್ಲ. ಆದರೆ ತಿಂಗಳುಗಳ ದಾಖಲೆಯನ್ನು ಕೈಯಲ್ಲಿ ಹಿಡಿದು, 1981ರ ವಾಯು ಕಾಯ್ದೆಯಡಿ ಅಧಿಕೃತ ತಪಾಸಣೆ ನಡೆಸಿರೆಂದು ಮಂಡಳಿಯನ್ನು ಕೇಳುವ ಬಲ ಅದರಿಂದ ಬರುತ್ತದೆ. ದೂರು ಮತ್ತು ದಾಖಲೆಗೆ ಇರುವ ಅಂತರ ದೊಡ್ಡದು.

ಇಸ್ಲಾಮೀ ಇತಿಹಾಸಕ್ಕೆ ಇದು ಹೊಸತಲ್ಲ. ಮಾರುಕಟ್ಟೆಯ ತೂಕಗಳನ್ನು ಪರೀಕ್ಷಿಸುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಯ ಕರ್ತವ್ಯಗಳ ಕುರಿತು ಹನ್ನೆರಡನೇ ಶತಮಾನದ ಅಶ್ಶೈಝರಿ ಬರೆದ ಗ್ರಂಥವು, ರೊಟ್ಟಿ ಸುಡುವ ಅಂಗಡಿಗಳ ಛಾವಣಿ ಎತ್ತರವಾಗಿರಬೇಕು, ಹೊಗೆ ಹೊರಹೋಗಲು ವಿಶಾಲವಾದ ದಾರಿ ಇರಬೇಕು ಎಂದು ವಿಧಿಸುತ್ತದೆ. ತಕ್ಕಡಿಯನ್ನು ನೋಡುತ್ತಿದ್ದ ಕಣ್ಣೇ ಹೊಗೆಯನ್ನೂ ನೋಡುತ್ತಿತ್ತು.

ಅಳತೆ ಆರಂಭವಾದರೆ ಅದು ನಮ್ಮ ವಿರುದ್ಧವೂ ಸಾಕ್ಷಿ ನುಡಿಯಬಹುದು. ಅಂಗಡಿಯ ಮುಂದೆ ಪ್ಲಾಸ್ಟಿಕ್ ಸಹಿತ ಕಸಕ್ಕೆ ಬೆಂಕಿ ಇಡುವುದು, ಮದುವೆಗಳಲ್ಲಿ ಪಟಾಕಿ ಸುಡುವುದು, ಹೊಲದಲ್ಲಿ ಕಬ್ಬಿನ ತರಗಿಗೆ ಕಿಚ್ಚು ಹಚ್ಚುವುದು: ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ಸ್ವಂತದ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಕಲಿಸಲ್ಪಟ್ಟ ಸಮುದಾಯಕ್ಕೆ ಇದರ ಭಯ ಬೇಕಿಲ್ಲ. ಮಸೀದಿಯ ಜಮಾಅತ್‌ಗಳು ತಂತಮ್ಮ ಮೊಹಲ್ಲಾದಲ್ಲಿ ಕಸ ಸುಡುವುದನ್ನು ನಿಲ್ಲಿಸಲಿ. ಅದಕ್ಕೆ ಯಾವ ಯಂತ್ರವೂ ಬೇಡ.

ಟಿಪ್ಪು ಸುಲ್ತಾನರು ಇಲ್ಲಿನ ಶ್ರೀಕಂಠೇಶ್ವರನನ್ನು 'ಹಕೀಮ್ ನಂಜುಂಡ' ಎಂದು ಕರೆದರೆಂಬ ಪ್ರತೀತಿ ಈ ಊರಿನಲ್ಲಿದೆ. ನೆರೆಹೊರೆಯ ಸೌಹಾರ್ದವನ್ನು ತನ್ನ ನೆನಪಿನಲ್ಲೇ ಹೊತ್ತಿರುವ ಊರಿದು. ಗಾಳಿಗೆ ಜಾತಿ ಮತಗಳ ಗೋಡೆಯಿಲ್ಲ. ಆದುದರಿಂದ ಈ ಕೆಲಸದಲ್ಲಿ ದೇವಸ್ಥಾನದ ಬೀದಿಯವರೂ ಮಸೀದಿಯ ಬೀದಿಯವರೂ ಜೊತೆಗೂಡಲಿ. ಉಸಿರು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದರ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವ ತೌಫೀಕನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.