ಖಾಲಿ ಕುರ್ಚಿಗೆ ಯಾಕ್ರೀ ಎಸಿ?



ರಾತ್ರಿ ಬುಲೆಟಿನ್ ಮುಗಿಸಿ ನಾನು ಮನೆಗೆ ಹೋಗೋದು ಬೆಂಗಳೂರಿನ ಹೊರ ವರ್ತುಲ ರಸ್ತೆಯ ಮೇಲೆ. ಗಂಟೆ ಹನ್ನೊಂದು ಮುಕ್ಕಾಲು ಆಗಿರುತ್ತೆ. ಮಾರತ್‌ಹಳ್ಳಿ ದಾಟಿದ್ರೆ ಎರಡೂ ಕಡೆ ಗಾಜಿನ ಕಟ್ಟಡಗಳು. ಮಹಡಿ ಮಹಡಿಗೂ ದೀಪ ಉರೀತಾ ಇರುತ್ತೆ. ಒಳಗೆ ನೋಡಿದ್ರೆ ಸಾಲು ಸಾಲು ಖಾಲಿ ಕುರ್ಚಿ. ಕೆಲವು ಮಹಡಿಗಳಲ್ಲಿ ನೈಟ್ ಶಿಫ್ಟ್ ಇರಬಹುದು, ಒಪ್ಪಿಕೊಳ್ಳೋಣ. ಉಳಿದ ಮಹಡಿಗಳು? ಚಳಿಗಾಲದ ರಾತ್ರಿ ತಲೆ ಎತ್ತಿ ನೋಡಿ, ಟೆರೇಸಿನ ಮೇಲಿನ ಕೂಲಿಂಗ್ ಟವರ್‌ನಿಂದ ಬಿಳಿ ಆವಿ ಏಳ್ತಾ ಇರುತ್ತೆ. ಅಂದ್ರೆ ಒಳಗೆ ಎಸಿ ಓಡ್ತಾ ಇದೆ. ಯಾರಿಗೋಸ್ಕರ?

ಇವತ್ತು ರಾಜಕೀಯ ಬೇಡ. ಈ ಖಾಲಿ ಕುರ್ಚಿಗಳ ಲೆಕ್ಕ ಮಾತಾಡೋಣ.

ದೊಡ್ಡ ಕಟ್ಟಡದ ಎಸಿ ಅಂದ್ರೆ ಮನೆಯ ಎಸಿ ತರಹ ಅಲ್ಲ. ಬೇಸ್‌ಮೆಂಟಿನಲ್ಲೋ ಟೆರೇಸಿನಲ್ಲೋ ಚಿಲ್ಲರ್ ಅನ್ನೋ ದೊಡ್ಡ ಯಂತ್ರ ಇರುತ್ತೆ. ಅದು ನೀರನ್ನು ತಣ್ಣಗೆ ಮಾಡುತ್ತೆ, ಆ ನೀರು ಮಹಡಿ ಮಹಡಿಗೆ ಹೋಗುತ್ತೆ, ಅಲ್ಲಿ ಫ್ಯಾನ್ ಆ ತಂಪನ್ನು ಗಾಳಿಗೆ ಕೊಡುತ್ತೆ. ಒಳಗಿನ ಬಿಸಿಯನ್ನು ಹೊರಗೆ ಹಾಕೋಕೆ ಕೂಲಿಂಗ್ ಟವರ್ ಇನ್ನೊಂದಷ್ಟು ನೀರನ್ನು ಆವಿ ಮಾಡುತ್ತೆ. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೇ ಇರೋಕೆ ಆಗಲ್ಲ. ಒಂದು ಟನ್ ಎಸಿಗೆ ಗಂಟೆಗೆ ಸುಮಾರು 6 ಲೀಟರ್ ನೀರು ಆವಿಯಾಗಿ ಹೋಗುತ್ತೆ. 500 ಟನ್ನಿನ ಪ್ಲಾಂಟ್ ಅರ್ಧ ಲೋಡ್‌ನಲ್ಲಿ ನಾಲ್ಕು ಗಂಟೆ ಸುಮ್ಮನೆ ಓಡಿದ್ರೆ 6 ಸಾವಿರ ಲೀಟರ್. ಒಂದು ಟ್ಯಾಂಕರ್!

2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್ ಬತ್ತಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5 ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸ್ತು. ಸರಿಯಾಗೇ ಮಾಡಿದ್ರು. ಅದಕ್ಕೂ ಮುಂಚೆ, 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ಕರೆಂಟಿಗೆ ತತ್ವಾರ ಆದಾಗ ರೈತರ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟನ್ನು 7 ಗಂಟೆಯಿಂದ 5 ಗಂಟೆಗೆ ಇಳಿಸಿದ್ರು. ಒಣಗ್ತಾ ಇರೋ ಬೆಳೆ ಮುಂದೆ ರೈತ ಟಾರ್ಚ್ ಹಿಡಿದು ಕರೆಂಟಿಗೆ ಕಾಯ್ತಾ ಕೂತಿದ್ದ. ಅದೇ ರಾತ್ರಿ ಇಲ್ಲಿ ಖಾಲಿ ಕುರ್ಚಿಗೆ ಎಸಿ. ಎರಡೂ ಒಂದೇ ಗ್ರಿಡ್ ರೀ!

ಬೇರೆಯವರ ಮನೆ ಬಗ್ಗೆ ಮಾತಾಡೋ ಮುಂಚೆ ನಮ್ಮ ಮನೆ ನೋಡ್ಕೋಬೇಕಲ್ಲ? ನಾನು ಸ್ಟುಡಿಯೋದಲ್ಲಿ ಕೋಟು ಹಾಕ್ಕೊಂಡು ಕೂತಿರ್ತೀನಿ. ನೀವು ಅದನ್ನ ಸ್ಟೈಲ್ ಅಂದ್ಕೊಂಡಿದ್ದೀರಿ. ಕ್ಯಾಮೆರಾ ಹಿಂದೆ ಇರೋ ಹುಡುಗರನ್ನ ನೀವು ನೋಡಿಲ್ಲ, ಅವರು ಏಪ್ರಿಲ್‌ನಲ್ಲೂ ಜರ್ಕಿನ್ ಹಾಕಿರ್ತಾರೆ. ಒಂದು ದಿನ ತಡೆಯೋಕಾಗದೆ ಬೇಸ್‌ಮೆಂಟಿಗೆ ಇಳಿದು ಎಸಿ ನೋಡ್ಕೊಳ್ಳೋ ಆಪರೇಟರ್‌ನ ಕೇಳಿದೆ.

"ಅಣ್ಣಾ, 24ಕ್ಕೆ ಇಡಬಾರದಾ?"

ಅವರು ನಕ್ಕರು. "ಸರ್, 24ಕ್ಕೆ ಇಟ್ರೆ ಸೆಖೆ ಅಂತ ಮೇಲಿಂದ ಫೋನ್ ಬರುತ್ತೆ. 20ಕ್ಕೆ ಇಟ್ರೆ ಯಾರೂ ಫೋನ್ ಮಾಡಲ್ಲ, ಸ್ವೆಟರ್ ಹಾಕ್ಕೋತಾರೆ."

ಪಕ್ಕದಲ್ಲೇ ಒಂದು ಕಂಪ್ಯೂಟರ್ ಇತ್ತು, ಧೂಳು ಕೂತಿತ್ತು. ಯಾವ ಮಹಡಿಯಲ್ಲಿ ಎಷ್ಟು ಡಿಗ್ರಿ, ಯಾವ ಫ್ಯಾನ್ ಓಡ್ತಿದೆ, ಎಲ್ಲಾ ಅದರಲ್ಲಿ ಬರುತ್ತಂತೆ. ತೋರಿಸಿ ಅಂದೆ. "ಪಾಸ್‌ವರ್ಡ್ ನಮ್ಮ ಹತ್ರ ಇಲ್ಲ ಸರ್. ಫಿಟ್ ಮಾಡಿದೋರ ಹತ್ರ ಇದೆ."

ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಡಕ್ಕೆ ಕಣ್ಣು ಹಾಕಿಸಿದ್ದೀವಿ. ಅದಕ್ಕೆ ಬಟ್ಟೆ ಕಟ್ಟಿ ಕೂರಿಸಿದ್ದೀವಿ.

ಈಗ ನೀವು ಕೇಳಬಹುದು, ಬಿಲ್ ಬರುತ್ತಲ್ಲ, ಅದರಲ್ಲಿ ಗೊತ್ತಾಗಲ್ವಾ ಅಂತ. ಬಿಲ್ ಬರೋದು ತಿಂಗಳಿಗೊಂದು ಸಲ. ಅದು ಪೋಸ್ಟ್‌ಮಾರ್ಟಂ ರಿಪೋರ್ಟ್ ಇದ್ದ ಹಾಗೆ. ಎಷ್ಟು ಹೋಯ್ತು ಅಂತ ಹೇಳುತ್ತೆ. ಯಾವ ಮಹಡಿಯಲ್ಲಿ, ಯಾವ ಗಂಟೆಯಲ್ಲಿ ಹೋಯ್ತು ಅಂತ ಹೇಳಲ್ಲ. ಕ್ಷಣ ಕ್ಷಣದ ಡೇಟಾ ಅನ್ನೋದು ನಾಡಿ ಹಿಡಿದು ನೋಡಿದ ಹಾಗೆ. ಕಾಯಿಲೆ ಶುರುವಾದ ದಿನವೇ ಸಿಕ್ಕಿಬೀಳುತ್ತೆ.

ಇದರಲ್ಲಿ ಏನೇನು ಮಾಡಬಹುದು? ಮೀಟಿಂಗ್ ರೂಮಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಯೋ ಸೆನ್ಸರ್ ಇದೆ. ಜನ ಜಾಸ್ತಿ ಆದ್ರೆ ಅದು ಏರುತ್ತೆ, ಎದ್ದು ಹೋದ್ರೆ ಇಳಿಯುತ್ತೆ. ಅದನ್ನ ನೋಡಿಕೊಂಡು ಫ್ಯಾನಿನ ವೇಗ ತಾನಾಗೇ ಬದಲಾಗಬಹುದು. ಒಳಗೆ ಎಷ್ಟು ಜನ ಇದ್ದಾರೆ ಅಂತ ಅಂದಾಜು ಸಿಕ್ಕರೆ ಸಾಕು. ಯಾರು ಇದ್ದಾರೆ ಅಂತ ಇಣುಕಿ ನೋಡೋ ಅಗತ್ಯ ಇಲ್ಲ. ಫ್ಯಾನಿನ ವಿಷಯದಲ್ಲಿ ಒಂದು ಮಜಾ ಇದೆ. ವೇಗವನ್ನು 100ರಿಂದ 80ಕ್ಕೆ ಇಳಿಸಿದ್ರೆ ಕರೆಂಟ್ 20 ಪರ್ಸೆಂಟ್ ಉಳಿಯುತ್ತೆ ಅಂತ ತಾನೇ ಅಂದ್ಕೋತೀರಿ? ಹೆಚ್ಚು ಕಡಿಮೆ ಅರ್ಧಕ್ಕರ್ಧ ಉಳಿಯುತ್ತೆ! ಯಾಕಂದ್ರೆ 0.8ನ್ನು ಮೂರು ಸಲ ಗುಣಿಸಿ, 0.51 ಬರುತ್ತೆ. ಇದು ಭೌತಶಾಸ್ತ್ರ, ಯಾರ ಜಾಹೀರಾತೂ ಅಲ್ಲ.

ಇನ್ನೊಂದು. ದೊಡ್ಡ ಕಟ್ಟಡಗಳಿಗೆ ಯೂನಿಟ್ ಲೆಕ್ಕದ ಜೊತೆ ಡಿಮ್ಯಾಂಡ್ ಚಾರ್ಜ್ ಅಂತ ಇರುತ್ತೆ. ತಿಂಗಳಲ್ಲಿ ಯಾವತ್ತೋ ಒಂದು ಸ್ವಲ್ಪ ಹೊತ್ತು ಲೋಡ್ ಏರಿದ್ರೂ ಆ ಏರಿಕೆಯ ಲೆಕ್ಕದಲ್ಲೇ ತಿಂಗಳ ಚಾರ್ಜ್ ಬೀಳಬಹುದು. ಸೋಮವಾರ ಬೆಳಿಗ್ಗೆ ಎಲ್ಲಾ ಚಿಲ್ಲರ್, ಎಲ್ಲಾ ಪಂಪು ಒಟ್ಟಿಗೆ ಆನ್ ಮಾಡ್ತಾರಲ್ಲ, ಅದೇ ಏರಿಕೆ. ಮೀಟರ್ ಕಣ್ಮುಂದೆ ಇದ್ರೆ ಒಂದರ ಹಿಂದೆ ಒಂದು ಆನ್ ಮಾಡ್ತಾರೆ. ಅಷ್ಟೇ ಕೆಲಸ.

ಇದು ಬಾಯಿಮಾತಲ್ಲ. ಎರಡು ಉದಾಹರಣೆ ಕೊಡ್ತೀನಿ.

ಅಮೆರಿಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಕ್ಯಾಂಪಸ್ ಇದೆ. ಅಲ್ಲಿನ 125 ಕಟ್ಟಡಗಳಲ್ಲಿ ಸೆನ್ಸರ್‌ಗಳು ಮೊದಲೇ ಇದ್ವು. ಆದ್ರೆ ಒಂದು ಕಂಪನಿಯ ಯಂತ್ರದ ಭಾಷೆ ಇನ್ನೊಂದಕ್ಕೆ ಅರ್ಥ ಆಗ್ತಿರಲಿಲ್ಲ. ಎಲ್ಲಾ ಕಿತ್ತು ಹೊಸದು ಹಾಕೋಕೆ ಸುಮಾರು 6 ಕೋಟಿ ಡಾಲರ್ ಬೇಕಿತ್ತು. ಅಲ್ಲಿನ ಇಂಜಿನಿಯರ್‌ಗಳು ಅದನ್ನ ಬಿಟ್ಟು, ಇದ್ದ ಡೇಟಾವನ್ನೇ ಸಾಫ್ಟ್‌ವೇರ್‌ನಲ್ಲಿ ಒಂದೇ ಕಡೆ ತಂದ್ರು. ಏನು ಸಿಕ್ತು ಗೊತ್ತಾ? ಒಂದು ಪಾರ್ಕಿಂಗ್ ಗ್ಯಾರೇಜಿನ ಎಕ್ಸಾಸ್ಟ್ ಫ್ಯಾನ್‌ಗಳು ತಪ್ಪಿನಿಂದ ಒಂದು ವರ್ಷ ಸುಮ್ಮನೆ ತಿರುಗಿದ್ವು! ಅದರಲ್ಲಿ ಹಾಳಾಗಿದ್ದು 66 ಸಾವಿರ ಡಾಲರ್. ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಮಾರೋ ಕಂಪನಿಗೇ ತನ್ನ ಗ್ಯಾರೇಜಿನ ಫ್ಯಾನ್ ಕಾಣಿಸಿರಲಿಲ್ಲ.

ಎರಡನೆಯದು ನಮ್ಮ ಇನ್ಫೋಸಿಸ್ ಕಥೆ. ಹೈದರಾಬಾದಿನ ಪೋಚಾರಂ ಕ್ಯಾಂಪಸ್‌ನಲ್ಲಿ ಅವರು ಒಂದು ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿದ್ರು. ಒಂದು ಪಾಲಿಗೆ ಒಳ್ಳೆಯ ದರ್ಜೆಯ ಮಾಮೂಲಿ ಎಸಿ. ಇನ್ನೊಂದಕ್ಕೆ ಛಾವಣಿಯ ಕಾಂಕ್ರೀಟಿನೊಳಗೆ ಪೈಪ್ ಹಾಕಿ, ಅದರಲ್ಲಿ ತಣ್ಣೀರು ಹರಿಸೋ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್. ಎರಡು ವರ್ಷ ಅಳೆದು ನೋಡಿದಾಗ ತಣ್ಣೀರಿನ ಪಾಲು ಎಸಿಗೆ ಬಳಸಿದ ಕರೆಂಟ್ ಸುಮಾರು 34 ಪರ್ಸೆಂಟ್ ಕಡಿಮೆ! ಯಾವುದು ಒಳ್ಳೇದು ಅಂತ ವಾದ ಮಾಡ್ತಾ ಕೂರಲಿಲ್ಲ. ಅಳೆದ್ರು, ವಾದ ಮುಗೀತು.

ಹಾಗಾದ್ರೆ ಎಲ್ಲರೂ ಯಾಕೆ ಮಾಡಲ್ಲ? ಕಾರಣ ತಂತ್ರಜ್ಞಾನ ಅಲ್ಲ ವೀಕ್ಷಕರೇ. ಕಟ್ಟಡ ಒಬ್ಬರದ್ದು, ಬಾಡಿಗೆ ಇನ್ನೊಬ್ಬರದ್ದು. ಎಸಿ ಖರ್ಚು ಎಷ್ಟೋ ಕಡೆ ನಿರ್ವಹಣಾ ಶುಲ್ಕದೊಳಗೆ ಸೇರಿ ಚದರ ಅಡಿ ಲೆಕ್ಕದಲ್ಲಿ ಹಂಚಿಹೋಗುತ್ತೆ. ಉಳಿಸಿದವರಿಗೂ ಅಷ್ಟೇ ಬಿಲ್, ಪೋಲು ಮಾಡಿದವರಿಗೂ ಅಷ್ಟೇ ಬಿಲ್. ಮತ್ತೆ ಉಳಿಸೋದು ಯಾರು? ಬೇಸ್‌ಮೆಂಟಿನಲ್ಲಿ ಕೂತ ಆಪರೇಟರ್‌ಗೆ ಎಲ್ಲಾ ಗೊತ್ತಿರುತ್ತೆ, ಆದ್ರೆ ಬಟನ್ ಒತ್ತೋ ಅಧಿಕಾರ ಇರಲ್ಲ. ಉಳಿಸಿದ್ರೆ ಶಹಭಾಸ್ ಅನ್ನೋರಿಲ್ಲ. ಸಾಹೇಬ್ರಿಗೆ ಸೆಖೆ ಆದ್ರೆ ಮಾತ್ರ ಬೈಗುಳ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲ್ಲ. ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಸಂಹಿತೆ 2007ರಲ್ಲೇ ಬಂತು, 2017ರಲ್ಲಿ ಬಿಗಿಯಾಯ್ತು. ಆದ್ರೆ ನಕ್ಷೆ ಪಾಸಾಗುವ ದಿನ ಕಟ್ಟಡ ಹೇಗಿತ್ತು ಅನ್ನೋದು ಒಂದು. ಹತ್ತು ವರ್ಷ ಆದ್ಮೇಲೆ ರಾತ್ರಿ ಹನ್ನೊಂದು ಮುಕ್ಕಾಲಿಗೆ ಹೇಗೆ ಓಡ್ತಿದೆ ಅನ್ನೋದು ಇನ್ನೊಂದು. ಎರಡನೆಯದನ್ನ ಯಾರು ನೋಡ್ತಿದ್ದಾರೆ?

ನಿಮ್ಮಲ್ಲಿ ಎಷ್ಟೋ ಜನ ಇಂಥ ಕಟ್ಟಡಗಳಲ್ಲೇ ಕೆಲಸ ಮಾಡ್ತೀರಿ. ನಾಳೆ ಆಫೀಸಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ನಮ್ಮ ಮಹಡಿಗೆ ಬೇರೆ ಮೀಟರ್ ಇದೆಯಾ? ನಿನ್ನೆ ರಾತ್ರಿ ಎರಡು ಗಂಟೆಗೆ ಎಷ್ಟು ಕರೆಂಟ್ ಉರೀತು? ಅದನ್ನ ನೋಡಿ ಆಫ್ ಮಾಡೋ ಅಧಿಕಾರ ಯಾರಿಗಿದೆ? ಮೂರಕ್ಕೂ ಉತ್ತರ ಸಿಕ್ಕರೆ ನಿಮ್ಮ ಆಫೀಸು ಚೆನ್ನಾಗಿ ನಡೀತಿದೆ ಅಂತ ಅರ್ಥ.

ನಾವೂ ಕೇಳಿದ್ವಿ. ಎರಡು ವಾರ ಓಡಾಡಿದ ಮೇಲೆ ನಮ್ಮ ಆಪರೇಟರ್ ಕೈಗೆ ಪಾಸ್‌ವರ್ಡ್ ಬಂತು. ಮೊದಲ ರಾತ್ರಿಯೇ ಅವರು ಒಂದನ್ನ ಹಿಡಿದ್ರು. ಆರು ತಿಂಗಳಿಂದ ಬೀಗ ಹಾಕಿದ್ದ ಒಂದು ಎಡಿಟಿಂಗ್ ರೂಮಿಗೆ ರಾತ್ರಿಯಿಡೀ ತಂಪು ಗಾಳಿ ಹೋಗ್ತಾ ಇತ್ತಂತೆ. ಅವರೇ ಆಫ್ ಮಾಡಿ, ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳಿದ್ರು, "ಸರ್, ಬೀಗಕ್ಕೆ ಸೆಖೆ ಆಗುತ್ತೆ ಅಂತ ಎಸಿ ಹಾಕಿದ್ವಿ!"

ಕ್ಯಾಮೆರಾ ಹುಡುಗರು ಇವತ್ತು ಜರ್ಕಿನ್ ಬಿಚ್ಚಿದ್ದಾರೆ. ನನ್ನ ಕೋಟು ಮಾತ್ರ ಹಾಗೇ ಇದೆ, ಅದು ನಿಜವಾಗ್ಲೂ ಸ್ಟೈಲಿಗೆ.

ಯೋಚನೆ ಮಾಡಿ. ನಾಳೆ ಮತ್ತೆ ಸಿಗೋಣ. ನಮಸ್ಕಾರ.